ಡೀಸೆಲ್ ಗಾಡಿಗೆ ಗ್ಯಾಸು, ನನಗೆ ಗಾಬರಿ

ಶ್ರೀನಿವಾಸಪುರದ ರಸ್ತೆ ಬದಿಯಲ್ಲಿ ನನ್ನದೊಂದು ಡೀಸೆಲ್ ಗಾಡಿ ರಿಪೇರಿ ಶೆಡ್ಡು. ಮೆಕ್ಯಾನಿಕ್ ಅಂದರೆ ಗಟ್ಟಿ ಎದೆಯವನು ಅಂತ ಜನ ಅಂದುಕೊಂಡಿದ್ದಾರೆ. ನಾನೋ, ನಟ್ಟು ಬಿಗಿ ಮಾಡಿ ಮನೆಗೆ ಹೋಗಿ, ಊಟಕ್ಕೆ ಕೂತು, ಬಿಗಿ ಮಾಡಿದೆನೋ ಇಲ್ಲವೋ ಅಂತ ಎದ್ದು ವಾಪಸ್ ಓಡಿ ಬರುವ ಜಾತಿ. ಬೆಂಕಿ ಜೊತೆ ಸರಸ ಆಡುವ ಗಿರಾಕಿಗಳೆಲ್ಲ ಇಂಥವನನ್ನೇ ಹುಡುಕಿಕೊಂಡು ಬರುತ್ತಾರೆ. ಅದರಲ್ಲೂ ಟೊಮೆಟೊ ಸೀಸನ್ನಿನಲ್ಲಿ ಏನಾದರೊಂದು ಆಗದೆ ಇದ್ದರೆ ನನಗೇ ಅನುಮಾನ ಬರುತ್ತದೆ.

೧. ಬೆಡ್‌ಶೀಟಿನ ಗಂಟು

ರಾಯಲ್ಪಾಡಿನಿಂದ ಕೋಲಾರದ ಮಂಡಿಗೆ ಟೊಮೆಟೊ ಹೊಡೆಯುವ ಟೆಂಪೋದವನೊಬ್ಬ ಬಂದ. ಲೋಡ್ ಹಾಕಿದರೆ ಗಾಡಿ ಏರು ಹತ್ತುವುದಿಲ್ಲ. ಇವನು ಮಂಡಿ ಮುಟ್ಟುವ ಹೊತ್ತಿಗೆ ಹರಾಜು ಮುಗಿದಿರುತ್ತದೆ.

"ಇನ್ನೊಂದ್ ಸಲ ಲೇಟಾದ್ರೆ ಬೇರೆ ಗಾಡಿ ನೋಡ್ಕೋತೀವಿ ಅಂತ ರೈತ್ರು ಅಂದವ್ರೆ ಅಣ್ಣಾ. ಫೋನಲ್ಲಿ ನೋಡ್ದೆ, ಡೀಸೆಲ್ ಇಂಜಿನ್‌ಗೆ ಗ್ಯಾಸ್ ಬಿಟ್ರೆ ಪವರ್ ಬರುತ್ತಂತೆ" ಅಂತ ಬೆಡ್‌ಶೀಟಿನ ಗಂಟೊಂದನ್ನು ಬಿಚ್ಚಿದ. ಒಳಗೆ ಅಡುಗೆ ಸಿಲಿಂಡರು.

ನಾನು ಎರಡು ಹೆಜ್ಜೆ ಹಿಂದೆ ಹೋದೆ. "ಇದು ಮನೆದು ಕಣಪ್ಪ! ಇದನ್ನ ಗಾಡಿಗೆ ಹಾಕಂಗಿಲ್ಲ."

"ಏಮೀ ಕಾದು ಅಣ್ಣಾ, ಏನೂ ಆಗಲ್ಲ. ಸೀಟ್ ಕೆಳಗೆ ಇಟ್ಕೋತೀನಿ."

ಕೂರಿಸಿಕೊಂಡು ಹೇಳಿದೆ. ಗಾಡಿಗೆ ಅಂತಲೇ ಮಾಡಿದ ಟ್ಯಾಂಕ್ ಬೇಕು, ಅದು ಕ್ಯಾಬಿನ್ ಹೊರಗೆ ಚಾಸಿಗೆ ಬೋಲ್ಟ್ ಆಗಿರಬೇಕು. ಇಂಜಿನ್ ಆಫ್ ಆದ ತಕ್ಷಣ ಗ್ಯಾಸನ್ನು ತಾನೇ ಮುಚ್ಚುವ ವಾಲ್ವ್ ಬೇಕು. ಗಾಳಿ ಜೊತೆ ಹೋಗುವ ಗ್ಯಾಸು ಒಗ್ಗರಣೆಗೆ ಇಂಗು ಹಾಕಿದ ಹಾಗೆ ಚೂರೇ ಚೂರು. ಜಾಸ್ತಿ ಬಿಟ್ಟರೆ ಪಿಸ್ಟನ್ನೇ ಕರಗುತ್ತದೆ. ಇದಕ್ಕೆಲ್ಲ ಪರ್ಮಿಷನ್ನೂ ಬೇಕು.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ತಾಯಿ. ಆಯಮ್ಮನ ಗಂಟಲು ಇಡೀ ಶೆಡ್ಡಿಗೆ ಕೇಳಿಸಿತು.

"ಲೇ, ಎಲ್ಲಿದ್ದೀಯಾ? ಮನೇಲಿ ಕಳ್ಳತನ ಆಗೈತೆ ಕಣೋ! ಒಲೆ ಮೇಲೆ ಎಸರಿಟ್ಟಂಗೇ ಐತೆ, ಕೆಳಗೆ ಸಿಲಿಂಡ್ರೇ ಇಲ್ಲ! ಬೇಗ ಬಾ, ಸ್ಟೇಷನ್‌ಗೆ ಹೋಗಾಣ!"

ಕಳ್ಳ ಗಡಿಬಿಡಿಯಲ್ಲಿ ಗಂಟು ಕಟ್ಟಿಕೊಂಡ.

೨. ನೊರೆ

ಪುಣ್ಯಾತ್ಮ ಬಿಡಲಿಲ್ಲ. ಸರಿಯಾದ ಟ್ಯಾಂಕು, ಕಿಟ್ಟು, ಕಾಗದ ಎಲ್ಲ ಹೊಂದಿಸಿಕೊಂಡು ಮತ್ತೆ ಬಂದ. ಇನ್ನು ಇಲ್ಲ ಅನ್ನುವುದಕ್ಕೆ ನನಗೆ ನೆಪ ಉಳಿಯಲಿಲ್ಲ. ಮೊದಲು ಇಂಜಿನ್ ಆರೋಗ್ಯ ಅಂತ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಸರಿ ಮಾಡಿದೆ, ಏರ್ ಫಿಲ್ಟರ್ ತೆಗೆದು ಕೊಡವಿದೆ. ಬಿದ್ದ ಮಣ್ಣಿನಲ್ಲಿ ಒಂದು ಮಡಿ ಕೊತ್ತಂಬರಿ ಬೆಳೆಯಬಹುದಿತ್ತು. ಹೊಸ ಫಿಲ್ಟರ್ ಹಾಕಿ, ಆಮೇಲೆ ಗ್ಯಾಸಿನ ಪೈಪ್ ಎಳೆದೆ.

ಲೀಕ್ ನೋಡುವುದಕ್ಕೆ ಸೋಪಿನ ನೀರು ಸವರಬೇಕು, ಗುಳ್ಳೆ ಎದ್ದ ಕಡೆ ಲೀಕು. ಪಕ್ಕದ ಶೆಡ್ಡಿನ ವೆಲ್ಡಿಂಗ್ ಭಾಯ್‌ಗೆ ನೀರು ಕಲಸಲು ಹೇಳಿದೆ. ಭಾಯ್ ಯಾವುದರಲ್ಲೂ ಕಡಿಮೆ ಮಾಡುವ ಮನುಷ್ಯನಲ್ಲ. ಬಕೆಟ್ಟಿಗೆ ಇಡೀ ಶಾಂಪೂ ಸುರಿದು, ಬ್ರಷ್ಷಿನಲ್ಲಿ ಕಡೆದು, ಬೆಟ್ಟದಂಥ ನೊರೆಯನ್ನು ಟ್ಯಾಂಕಿನಿಂದ ಇಂಜಿನ್ನಿನವರೆಗೂ ಮೆತ್ತಿಬಿಟ್ಟ.

"ಅಯ್ಯೋ ಅಣ್ಣಾ, ಎಲ್ಲಾ ಕಡೆ ಲೀಕು!" ಅಂತ ಟೆಂಪೋದವನು ಚಪ್ಪಲಿ ಬಿಟ್ಟು ರಸ್ತೆಗೆ ಓಡಿದ. ಅವನು ಓಡಿದ್ದು ನೋಡಿ ನಾನೂ ಓಡಿದೆ.

ಭಾಯ್ ಒಬ್ಬನೇ ನೊರೆ ಕೈ ಒರೆಸಿಕೊಳ್ಳುತ್ತಾ ಕೂಗಿದ. "ಅರೆ, ಎಲ್ಲಿಗ್ ಓಡ್ತೀರಾ ಭಾಯ್? ಒಳಗಿರೋದು ಬರೀ ಗಾಳಿ, ಗ್ಯಾಸ್ ಇನ್ನೂ ತುಂಬ್ಸೇ ಇಲ್ವಲ್ಲ!"

೩. ಮೂಗು

ಗ್ಯಾಸ್ ತುಂಬಿಸಿ ಬಂದ ದಿನದಿಂದ ನನ್ನ ಮೂಗಿಗೆ ರಜೆ ಇಲ್ಲ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗಿಳಿದು ಗುಂಡಿಯಲ್ಲಿ ಕೂರುತ್ತದೆ. ಅದಕ್ಕೇ ಗಾಡಿ ಕೆಳಗೆ ನಿಂತು ಕೆಲಸ ಮಾಡುವ ಶೆಡ್ಡಿನ ಗುಂಡಿಗೆ ಬಗ್ಗಿ ಮೂಸುವುದು, ಟ್ಯಾಂಕ್ ಮೂಸುವುದು, ಮತ್ತೆ ಗುಂಡಿ ಮೂಸುವುದು. ಮನೆಗೆ ಹೋದರೂ ಅದೇ ಚಾಳಿ. ತಟ್ಟೆಗೆ ಮುದ್ದೆ ಬಂತು, ಪಕ್ಕಕ್ಕೆ ಬಸ್ಸಾರಿನ ಪಾತ್ರೆ ಬಂತು, ನಾನು ಬಗ್ಗಿ ಮೂಸಿದೆ. ಹೆಂಡತಿ ಸೌಟು ಹಿಡಿದುಕೊಂಡೇ ನೋಡಿದಳು. ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಸೋಪಿನ ನೀರು ತಂದಿಟ್ಟಳು.

"ಸವರಿ ನೋಡ್ಕೊಳ್ಳಿ. ಗುಳ್ಳೆ ಬರ್ದಿದ್ರೆ ಹೇಳಿ, ಸಾರು ಬಡಿಸ್ತೀನಿ."

೪. ಕರ್ಪೂರ

ಗಾಡಿ ಒಯ್ಯುವ ದಿನ ಟೊಮೆಟೊ ಕ್ರೇಟುಗಳ ಜೊತೆ ಟೆಂಪೋದವನ ತಾಯಿಯೂ ಬಂದರು. ಅರಿಶಿನ, ಕುಂಕುಮ, ನಿಂಬೆಹಣ್ಣು, ತೆಂಗಿನಕಾಯಿ ಎಲ್ಲ ಇತ್ತು. ಆಮೇಲೆ ತಟ್ಟೆಯ ತುಂಬ ಕರ್ಪೂರ ಹೊರಗೆ ಬಂತು.

"ಅಮ್ಮಾ, ಗ್ಯಾಸ್ ಗಾಡಿ! ಬೆಂಕಿ ಬೇಡ!" ಅಂತ ನಾನು ತಟ್ಟೆಗೆ ಅಡ್ಡ ನಿಂತೆ.

"ಆರತಿ ಎತ್ತದೆ ಗಾಡಿ ಎತ್ತಂಗಿಲ್ಲ" ಅಂತ ಆಯಮ್ಮ ಚಕ್ರದ ಮುಂದೆಯೇ ಕೂತರು. ಹರಾಜಿಗೆ ಹೊತ್ತಾಗುತ್ತಿದೆ ಅಂತ ಮಗ ಒದ್ದಾಡುತ್ತಿದ್ದ. ಕೊನೆಗೆ ನಾನೇ ವಾಲ್ವ್ ಮುಚ್ಚಿ, ಪೈಪ್ ಬಿಚ್ಚಿ, ಟ್ಯಾಂಕ್ ಇಳಿಸಿ, "ಭಾಯ್, ಇದನ್ನ ಬೆಂಕಿಯಿಂದ ದೂರ ತಗೊಂಡೋಗು" ಅಂದೆ. ಮಂಗಳಾರತಿ ಆಯಿತು. ಕಾಯಿ ಒಡೆಯಿತು. ಚಕ್ರ ನಿಂಬೆಹಣ್ಣು ತುಳಿದದ್ದೇ ತಡ, ಟೆಂಪೋದವನು ತಾಯಿಯನ್ನು ಹತ್ತಿಸಿಕೊಂಡು ನಿಲ್ಲಿಸದೆ ಹೊಡೆದುಕೊಂಡು ಹೋಗಿಯೇಬಿಟ್ಟ.

"ಲೇ, ಟ್ಯಾಂಕು!" ಅಂತ ನಾನು ಕೂಗಿದ್ದು ಧೂಳಿಗೆ. ಫೋನ್ ಮಾಡಿದರೆ ಎತ್ತಲಿಲ್ಲ.

ಭಾಯ್ ಕೈಬೀಸಿಕೊಂಡು ಬಂದ.

"ಟ್ಯಾಂಕ್ ಎಲ್ಲಿ?"

"ದೂರ ಇಡು ಅಂದ್ಯಲ್ಲ, ಟೀ ಅಂಗಡೀಲಿ ಇಟ್ಟಿದ್ದೀನಿ."

ಓಡಿದೆ. ಒಲೆ ಭುಗಿಲೆನ್ನುತ್ತಿತ್ತು. ಪಕ್ಕದಲ್ಲೇ ನಮ್ಮ ಟ್ಯಾಂಕು. ಅದರ ಮೇಲೆ ಒಬ್ಬ ತಾತ ಆರಾಮಾಗಿ ಕೂತು ಬೀಡಿಗೆ ಕಡ್ಡಿ ಗೀರುತ್ತಿದ್ದ. ಬೀಡಿ ಕಡ್ಡಿ ಎರಡನ್ನೂ ಕಿತ್ತೆಸೆದೆ.

"ಕೇಳಿದ್ರೆ ನಿಂಗೂ ಒಂದು ಕೊಡ್ತಿದ್ನಲ್ಲೋ" ಅಂದ ತಾತ.

ಟ್ಯಾಂಕ್ ಹೊತ್ತುಕೊಂಡು ಹೋಗಿ ಹಿಂದಿನ ಬಯಲಿನ ಹೊಂಗೆ ಮರದ ಕೆಳಗಿಟ್ಟೆ. ಆಮೇಲೂ ಕೂರಲಾಗಲಿಲ್ಲ. ಲೋಡ್ ಸಮೇತ ಏರಿನಲ್ಲಿ ನಿಂತಿರುತ್ತಾನೆ, ರೈತರೆಲ್ಲ ಬೇರೆ ಗಾಡಿ ನೋಡಿಕೊಳ್ಳುತ್ತಾರೆ, ಎಲ್ಲ ನನ್ನಿಂದಲೇ ಅಂತ ಸಂಜೆವರೆಗೂ ಶೆಡ್ಡಿಗೂ ರಸ್ತೆಗೂ ಓಡಾಡಿದೆ.

ಸಂಜೆ ಟೆಂಪೋ ಬಂತು. ಇಳಿದವನೇ ನನ್ನನ್ನು ತಬ್ಬಿಕೊಂಡ. "ಏನ್ ಪಿಕಪ್ ಅಣ್ಣಾ! ಏರೆಲ್ಲಾ ಹಂಗೇ ಎಳ್ಕೊಂಡ್ ಹೋಯ್ತು. ಹರಾಜ್ ಶುರು ಆಗೋಕ್ ಮುಂಚೆ ನಾನೇ ಫಸ್ಟು! ಗ್ಯಾಸ್ ಅಂದ್ರೆ ಗ್ಯಾಸು!"

ಕೈಹಿಡಿದು ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋಗಿ ಟ್ಯಾಂಕ್ ತೋರಿಸಿದೆ. ಎಳೆದದ್ದು ಗ್ಯಾಸಲ್ಲ, ಹೊಸ ಫಿಲ್ಟರು, ಗಾಡಿಗೆ ಇಷ್ಟು ದಿನ ಉಸಿರೇ ಕಟ್ಟಿತ್ತು ಅಂತ ಬಿಡಿಸಿ ಬಿಡಿಸಿ ಹೇಳಿದೆ. ಇನ್ನು ಈ ಗ್ಯಾಸಿನ ಸಹವಾಸ ತಪ್ಪಿತು ಅಂತ ನನ್ನ ಎದೆ ಹಗುರಾಯಿತು.

ಅವನು ಟ್ಯಾಂಕ್ ನೋಡಿದ, ಗಾಡಿ ನೋಡಿದ, ಮತ್ತೆ ಟ್ಯಾಂಕ್ ನೋಡಿದ. ಆಮೇಲೆ ಭಕ್ತಿಯಿಂದ ಎರಡೂ ಕೈ ಮುಗಿದ.

"ಇದನ್ನ ಇಲ್ಲಿಂದ ಅಲ್ಲಾಡಿಸ್ಬೇಡ ಅಣ್ಣಾ. ಇಷ್ಟು ದೂರ ಇದ್ದೇ ಹಿಂಗ್ ಎಳೀತೈತೆ!"