ಮುಯ್ಯಾಳು ಆಡಿಟ್

೨೦೦೮ರ ಫೆಬ್ರವರಿ ಹನ್ನೊಂದು, ಸೋಮವಾರ. ಬೆಳಿಗ್ಗೆ ಇಬ್ಬನಿ, ಆಮೇಲೆ ಬಿಸಿಲು, ಹೂಮಳೆಯ ಸುಳಿವಿಲ್ಲ. ಆ ದಿನ ಬಾಳೂರಿನ ಕಾಫಿ ಬೆಳೆಗಾರ ಓಂಕಾರಮೂರ್ತಿಯವರು ಮರಗಳು ಇವೆ ಎಂದು ಹೇಳುವ ಅಧಿಕಾರವನ್ನು ಪಡೆದರು. ಅದುವರೆಗೆ ಅವರ ಬಳಿ ಬರೀ ಮರಗಳಿದ್ದವು.

ವಿಷಯ ಸರಳ. ತೋಟದ ನೆರಳುಮರಗಳು ಗಾಳಿಯಲ್ಲಿರುವ ಇಂಗಾಲವನ್ನು ಹೀರುತ್ತವೆ. ಹೀರಿದ್ದಕ್ಕೆ ಪರದೇಶದ ಕಂಪನಿಗಳು ದುಡ್ಡು ಕೊಡುತ್ತವೆ. ಆದರೆ ಮರ ಇದೆಯೆಂದು ಮರದ ಒಡೆಯ ಹೇಳಿದರೆ ನಡೆಯದು, ಆಡಿಟರ್ ಹೇಳಬೇಕು. ಆಡಿಟರನ ಮಾತು ನಂಬತಕ್ಕದ್ದೆಂದು ಚಿಕ್ಕಮಗಳೂರಿನ ಮಾನ್ಯತಾ ಮಂಡಳಿ ಹೇಳಬೇಕು. ಮಂಡಳಿ ಬಾಯಿ ಬಿಡಬೇಕಾದರೆ ಶುಲ್ಕ ಕಟ್ಟಬೇಕು. ಸಾಕಷ್ಟು ಓದಿಕೊಂಡಿದ್ದ ಮೂರ್ತಿಯವರಿಗೆ, ಈ ಏಣಿಯಲ್ಲಿ ಮರವೇ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲೆಂಬುದು ಹೊಳೆಯಿತು. ಒಂದು ಮೆಟ್ಟಿಲು ಮೇಲೇರಲು ತೋಟದ ಸಿಲ್ವರ್ ಓಕ್‌ಗಳನ್ನು ಕಡಿಸಿ, ಮಾರಿ, ಶುಲ್ಕ ಕಟ್ಟಿದರು.

"ಮರ ಮಾರಿ ಮರ ನೋಡೋಕೆ ಹೋಗ್ತೀರಾ?" ಎಂದು ಕೇಳಿದ್ದು ಹೆಂಡತಿ ಕಲ್ಲಮ್ಮ.

"ಬೇರೆಯವರ ಮರ ಕಣೆ."

ಮಾನ್ಯತಾ ಪತ್ರದ ಹಿಂಬದಿಯಲ್ಲಿ ಒಂದು ನಿಯಮವಿತ್ತು. ಮಾರ್ಚ್ ಮುಗಿಯುವುದರೊಳಗೆ ಪ್ರತಿಫಲ ಪಡೆದು ಒಂದು ಆಡಿಟನ್ನಾದರೂ ಮಾಡದವರ ಮಾನ್ಯತೆ ರದ್ದಾಗತಕ್ಕದ್ದು. ಕಟ್ಟಿದ ಹಣವನ್ನು ಹಿಂತಿರುಗಿಸಲಾಗುವುದಿಲ್ಲ. ಮೂರ್ತಿಯವರು ಜೀಪು ಹತ್ತಿ ಕಳಸದವರೆಗೂ ಕೆಲಸ ಹುಡುಕಿದರು. ಹೋದಲ್ಲೆಲ್ಲ ತೋಟದ ಒಡೆಯರು ಒಳಗೆ ಕರೆದು, ಕಾಫಿ ಕೊಟ್ಟು, ತಾವೂ ಆಡಿಟರ್ ಆಗಿರುವುದನ್ನು ತಿಳಿಸಿದರು. ಎಲ್ಲರೂ ಓಕ್ ಮಾರಿಯೇ ಆಗಿದ್ದರು.

ಕೊನೆಗೆ ದಾರಿ ತೋರಿಸಿದವರು ಪಕ್ಕದ ತೋಟದ ಮಂಜಯ್ಯಗೌಡರು. ಅವರೂ ಆಡಿಟರೇ.

"ನಾಟಿ ಟೈಮಲ್ಲಿ ಹಿರಿಯರು ಏನ್ ಮಾಡ್ತಿದ್ರು ಮಾರಾಯ್ರೆ? ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮುಯ್ಯಾಳು. ಆಡಿಟ್‌ಗೂ ಅದೇ ಇಟ್ಕೊಳ್ಳಣ."

"ಮತ್ತೆ ದುಡ್ಡು?"

"ಮುಯ್ಯಿಗೆ ಯಾರಾದ್ರೂ ದುಡ್ಡು ಕೊಡ್ತಾರಾ? ನಿಮ್ಮಜ್ಜ ಕೊಟ್ಟಿದ್ರಾ?"

ಆಡಿಟರನಿಗೂ ಒಡೆಯನಿಗೂ ನೆಂಟಸ್ತನ ಇರಕೂಡದೆಂಬ ನಿಯಮದಿಂದ ತೊಡಕಾಗಲಿಲ್ಲ. ಇಬ್ಬರ ಜಾತಿ ಬೇರೆ. ತಲೆತಲಾಂತರದಿಂದ ಎರಡೂ ಮನೆಯವರು ಈ ನಿಷ್ಪಕ್ಷಪಾತವನ್ನು ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದಿದ್ದರು.

ಮಂಜಯ್ಯನವರ ತೋಟದಲ್ಲಿ ಕಡಿದ ಮರದ ಬೊಡ್ಡೆಗಳನ್ನು ಮೂರ್ತಿಯವರು ನೋಡಿದರು. ಮೂರ್ತಿಯವರ ಬೊಡ್ಡೆಗಳನ್ನು ಮಂಜಯ್ಯನವರು ನೋಡಿದರು. ವರದಿಯಲ್ಲಿ ಅತಿ ಹೆಚ್ಚು ಅಂಕವಿದ್ದ ಪ್ರಶ್ನೆ: ಈ ಓಕ್‌ಗಳನ್ನು ಮುಂದೆ ಕಡಿಯುವ ಸಂಭವ ಉಂಟೇ? ಇಬ್ಬರೂ ಮನಸ್ಸಾಕ್ಷಿಗೆ ಒಪ್ಪುವಂತೆ "ಇಲ್ಲ" ಎಂದು ಬರೆದರು. ಮಂಡಳಿ ಎರಡೂ ತೋಟಗಳಿಗೆ ಅತ್ಯುತ್ತಮ ದರ್ಜೆ ನೀಡಿ ಅಭಿನಂದಿಸಿತು.

ಪ್ರತಿಫಲದ ವಿಚಾರ ಉಳಿದಿತ್ತು. ಮಾರ್ಚ್ ಕೊನೆಯಲ್ಲಿ ಮಂಡಳಿಯ ಅಧಿಕಾರಿ ಶಿಲ್ಪಾ ಅವರು ಮೂರ್ತಿಯವರನ್ನು ಚಿಕ್ಕಮಗಳೂರಿಗೆ ಕರೆಸಿಕೊಂಡರು.

"ಪ್ರತಿಫಲ ಏನು ತಗೊಂಡ್ರಿ ಸರ್?"

"ಒಂದು ದಿನದ ಮುಯ್ಯಿ ಮೇಡಂ."

ಆಕೆ ನಗಲಿಲ್ಲ. ನಿಯಮಾವಳಿಯ ಹಾಳೆ ತಿರುವಿದರು. "ಆಗಬಹುದು. ಆದ್ರೆ ಆಡಿಟರ್ ಏನೇ ಪಡೆದ್ರೂ ಅದರ ಹತ್ತರಲ್ಲಿ ಒಂದು ಪಾಲು ಮಂಡಳಿಗೆ ಸಲ್ಲಬೇಕು. ಪಡೆದ ರೂಪದಲ್ಲೇ. ಇಲ್ಲಾಂದ್ರೆ ನಿಮ್ಮ ಮಾನ್ಯತೆ ಇವತ್ತಿಗೇ ಮುಗೀತು."

ಸಂಜೆ ಬಸ್ಸಿಳಿದು ಮನೆಗೆ ಬಂದ ಮೂರ್ತಿಯವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕಲ್ಲಮ್ಮ ಕೊಬ್ಬರಿ ಎಣ್ಣೆ ತಂದು ಹಚ್ಚಿದರು.

"ಮಾನ್ಯತೆ ಉಳೀತಾ?"

"ಉಳೀತು. ಎಲ್ಲರದ್ದೂ ಉಳೀತು. ಮಂಜಯ್ಯ, ಕಳಸದೋರು, ಎಲ್ಲಾ ಸರದೀಲಿ ನಿಂತಿದ್ರು."

"ಕೊನೆಗೆ ಏನು ಕೊಟ್ರಿ?"

"ಆಫೀಸಿನ ಹಿತ್ತಲಲ್ಲಿ ಲಂಟಾನ ಪೊದೆ ಬೆಳೆದಿತ್ತು. ಒಂದು ದಿನದ ಹತ್ತನೇ ಪಾಲು ಅಂತ ಒಂದು ಗಂಟೆ ಸವರಿ ಕೊಟ್ಟೆ."

"ಕತ್ತಿ ಹಿಡಿಯೋಕೆ ಬರುತ್ತಾ ನಿಮಗೆ?"

"ಬರಲ್ಲ ಅಂತ ಅರ್ಧ ಗಂಟೆ ದಂಡ ಹಾಕಿದ್ರು," ಎಂದರು ಮೂರ್ತಿ. "ಅದನ್ನೂ ಸವರಿ ಬಂದೆ."