ಪಕ್ಕದ ಮನೆಯ ಹನ್ನೊಂದು ಜೊತೆ

"ಅಮ್ಮಾ, ಪಕ್ಕದ್ಮನೆ ಆಂಟಿಗೆ ಎಷ್ಟು ಕಾಲು?"

ನಾಲ್ಕು ವರ್ಷದ ನನ್ನ ಮಗಳು ಇದನ್ನು ಕೇಳಿದ್ದು ಮೆಟ್ಟಿಲ ಮೇಲೆ, ಮೂರು ಮಹಡಿಗೂ ಕೇಳಿಸುವ ಗಂಟಲಿನಲ್ಲಿ. "ಎರಡು ಕಣೇ" ಅಂದೆ. ಅವಳು ಪಕ್ಕದ ಬಾಗಿಲ ಮುಂದಿದ್ದ ಚಪ್ಪಲಿ, ಶೂ, ಬೂಟುಗಳನ್ನು ಬೆರಳು ಮಾಡಿ ಎಣಿಸಿ, ಸುಳ್ಳು ಹೇಳಿದವಳನ್ನು ನೋಡುವಂತೆ ನನ್ನನ್ನು ನೋಡಿದಳು.

ಹನ್ನೊಂದು ಜೊತೆ. ಎಣಿಸಲು ನನಗೆ ಬೆರಳು ಬೇಕಿರಲಿಲ್ಲ, ಬಾಯಿಪಾಠವಾಗಿ ಹೋಗಿತ್ತು.

ನಾವು ಈ ಮನೆಗೆ ಬಂದು ಮೂರು ತಿಂಗಳು. ಯಜಮಾನರು ಲಾರಿ ಓಡಿಸುತ್ತಾರೆ. ಹತ್ತು ದಿನಕ್ಕೊಮ್ಮೆ ಬಂದು, ಕೊಳೆ ಬಟ್ಟೆ ಸುರಿದು, ನಿದ್ದೆ ಮಾಡಿ ಹೋಗುತ್ತಾರೆ. ಉಳಿದ ದಿನಗಳಲ್ಲಿ ನನ್ನೊಡನೆ ಮಾತಾಡುವುದು ಮಗಳು (ವಿಷಯ: ಇರುವೆ) ಮತ್ತು ನೀರಿನ ಪಂಪು (ವಿಷಯ ತಿಳಿಯದು, ಆದರೆ ತುಂಬ ನೊಂದಿದೆ). ಬಂದವರಿಗಿರಲಿ ಎಂದು ಮೊದಲ ದಿನವೇ ಆರು ಕಪ್ಪು ತೊಳೆದು ಬೋರಲು ಹಾಕಿದ್ದೆ. ಮೂರು ತಿಂಗಳಿಂದ ಅವು ಹಾಗೇ ಬೋರಲು ಬಿದ್ದಿವೆ, ನನ್ನ ಹಾಗೆ. ಗ್ಯಾಸಿನವನು ಕೂಡ ಬೀದಿಯಲ್ಲೇ ನಿಂತು ಕೂಗಿ ಕರೆಯುತ್ತಾನೆ.

ಪಕ್ಕದಲ್ಲಿ ಮಾತ್ರ ನಿತ್ಯ ದರ್ಬಾರು! ಕಬ್ಬಿಣದ ಮೂತಿಯ ದೊಡ್ಡ ಬೂಟು, ಹಿಮ್ಮಡಿ ಎತ್ತರದ ಚಪ್ಪಲಿ, ಆಫೀಸಿನ ಕಪ್ಪು ಶೂ, ಮಗುವಿನ ಪುಟಾಣಿ ಕೆಂಪು ಶೂ. ಆ ಮನೆಯಾಕೆಗೆ ಐವತ್ತರ ಆಸುಪಾಸು. ಎಂಟಕ್ಕೆ ಚೀಲ ಹಾಕಿಕೊಂಡು ಕೆಲಸಕ್ಕೆ ಹೋದರೆ ಬರುವುದು ಆರಕ್ಕೆ. ಅವರು ಇಲ್ಲದಾಗಲೂ ಪಾದರಕ್ಷೆಗಳು ಅಲ್ಲೇ. ಅಂದರೆ ಹೊರಗೆ ಬರಲೂ ಮನಸ್ಸಾಗದಷ್ಟು ಸುಖವಾಗಿರುವ ತುಂಬು ಸಂಸಾರ! ಜಾಗ ಮಾತ್ರ ದಿನವೂ ಅದಲುಬದಲು. ಒಳಗಿನಿಂದ ಒಂದು ಸದ್ದಿಲ್ಲ. ಎಂಥ ಸಭ್ಯ ಜನ!

ಆಕೆ ಎದುರಾದಾಗ ನಾನು ನಗಲಿಲ್ಲ. ಅಷ್ಟೊಂದು ಜನ ಇರುವವರಿಗೆ ನನ್ನದೊಂದು ನಗು ಎಲ್ಲಿ ಸಾಲುತ್ತದೆ?

ಫೋನಿನಲ್ಲಿ ಯಜಮಾನರ ಮುಂದೆ ಅಹವಾಲು ಇಟ್ಟೆ. "ಪಕ್ಕದ ಮನೇಲಿ ಹನ್ನೊಂದು ಜನ ಇದಾರೆ ರೀ."

"ಹನ್ನೊಂದು ಜನಕ್ಕೂ ಒಂದೇ ಬಚ್ಚಲು ಕಣೇ. ಬೆಳಿಗ್ಗೆ ಸಾಲು ನಿಲ್ಬೇಕು, ಯೋಚ್ನೆ ಮಾಡು."

"ನಿಲ್ತೀನಿ! ಸಾಲಲ್ಲಿ ನಿಂತಾದ್ರೂ ಯಾರ ಹತ್ರನಾದ್ರೂ ಮಾತಾಡ್ತೀನಿ!"

ಅವರು ಹಾರ್ನ್ ಒತ್ತಿ ಫೋನಿಟ್ಟರು.

ಆ ಭಾನುವಾರ ಚರ್ಚಿನಲ್ಲಿ ಅಯ್ಯನವರು ಹತ್ತನೆಯ ಆಜ್ಞೆಯನ್ನೇ ಎತ್ತಿಕೊಂಡರು. ನೆರೆಯವನ ಮನೆ, ಎತ್ತು, ಕತ್ತೆ ಯಾವುದಕ್ಕೂ ಆಸೆಪಡಬಾರದು. ಪಟ್ಟಿಯಲ್ಲಿ ನೆಂಟರಿಲ್ಲವಲ್ಲ ಎಂದು ನಾನು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ, ನೆರೆಯವನದು ಏನೇ ಇದ್ದರೂ ಕೂಡದು ಅಂದುಬಿಟ್ಟರು. ಸೆರೆಮನೆಯಲ್ಲಿದ್ದ ಅಪೊಸ್ತಲನೂ ಇದ್ದುದರಲ್ಲೇ ತೃಪ್ತನಾಗಿದ್ದನೆಂದು ಸೇರಿಸಿದರು. (ನಿಜ. ಆದರೆ ಅವನ ಪಕ್ಕದ ಕೋಣೆಯ ಮುಂದೆ ಹನ್ನೊಂದು ಜೊತೆ ಚಪ್ಪಲಿ ಇರಲಿಲ್ಲ.)

ಮನೆಗೆ ಬಂದು ಪಾತ್ರೆ ಉಜ್ಜುತ್ತ ಗಟ್ಟಿಯಾಗಿ ಪ್ರಾರ್ಥಿಸಿದೆ: "ಕರ್ತನೇ, ಈ ಹಾಳು ಹೊಟ್ಟೆಕಿಚ್ಚು ತೆಗಿ. ತೆಗಿಯೋಕೆ ಆಗ್ದಿದ್ರೆ ಅವರಲ್ಲಿ ಒಬ್ಬರನ್ನಾದ್ರೂ ದಾರಿ ತಪ್ಪಿಸಿ ಈ ಕಡೆ ಕಳ್ಸು." ಎರಡನೆಯ ವಾಕ್ಯ ಮೊದಲನೆಯದನ್ನು ತಿಂದುಹಾಕಿತೆಂದು ನನಗೇ ಅನಿಸಿತು. ಮರುದಿನದಿಂದ ವ್ರತ ಬದಲಿಸಿದೆ. ಆ ಸಾಲಿನ ಮೇಲೆ ಕಣ್ಣು ಬಿದ್ದಾಗಲೆಲ್ಲ, ನನಗಿರುವ ಒಂದೊಂದಕ್ಕೆ ಸ್ತೋತ್ರ. ಮಗಳಿಗೆ ಸ್ತೋತ್ರ, ಲಾರಿಯ ಬ್ರೇಕಿಗೆ ಸ್ತೋತ್ರ. ಮೂರನೆಯ ದಿನ ಮುಚ್ಚಳವಿಲ್ಲದ ಪಾತ್ರೆಗೂ ಸ್ತೋತ್ರ ಸಲ್ಲಿತು. ಆಮೇಲೆ ರಾತ್ರಿ ಪಾತ್ರೆ ಉಜ್ಜುವಾಗ ಆ ಮನೆಯವರಿಗಾಗಿಯೇ ಗಟ್ಟಿಯಾಗಿ ಬೇಡತೊಡಗಿದೆ. ದೊಡ್ಡ ಬೂಟಿನವರ ಒಂದು ಹಿಮ್ಮಡಿ ಸವೆದಿತ್ತು. ಮಂಡಿ ನೋವಿರಬೇಕು, ವಾಸಿ ಮಾಡು ತಂದೆ. ಕೆಂಪು ಶೂ ಮಗುವಿಗೆ ಶೀತವಾಗದಿರಲಿ.

ಒಂದು ಬೆಳಿಗ್ಗೆ ನೋಡಿದರೆ, ಎಣಿಸದೆಯೇ ಆ ಬಾಗಿಲು ದಾಟಿ ಬಂದಿದ್ದೆ! ಕಿಚ್ಚು ಆರಿತ್ತು. (ಒಂಟಿತನ ಎಲ್ಲೂ ಹೋಗಿರಲಿಲ್ಲ. ಅದು ತನ್ನ ಪಾಡಿಗೆ ಅಡುಗೆಮನೆಯಲ್ಲಿ ಕೂತಿತ್ತು.)

ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ನನ್ನ ತಲೆಯಲ್ಲಿ ದಿವ್ಯವಾದ ಆಲೋಚನೆಯೊಂದು ಮಿಂಚಿತು. ನಮ್ಮ ಕರ್ತ ಶಿಷ್ಯರ ಕಾಲು ತೊಳೆದ. ನನಗೆ ಕಾಲುಗಳು ಸಿಗುವಂತಿಲ್ಲ, ಚಪ್ಪಲಿಯನ್ನಾದರೂ ತೊಳೆಯಬಾರದೇಕೆ?

ಹೇಳಿಯೇ ತೆಗೆದುಕೊಳ್ಳೋಣವೆಂದು ಬಾಗಿಲು ತಟ್ಟಿದೆ. ಯಾರೂ ತೆಗೆಯಲಿಲ್ಲ. ಪಾಪ, ಹನ್ನೊಂದು ಜನವೂ ಮಲಗಿರಬೇಕು. ಸದ್ದು ಮಾಡದೆ ಎಲ್ಲವನ್ನೂ ಬಕೆಟ್ಟಿಗೆ ತುಂಬಿ ಬಚ್ಚಲಿಗೆ ಸಾಗಿಸಿದೆ. ಒಳಗೆಲ್ಲ ಬೆರಳು ದಪ್ಪದ ಧೂಳು. ಬೂಟಿನಲ್ಲಿ ಜೇಡವೊಂದು ಸಂಸಾರ ಹೂಡಿತ್ತು. ಆಗಲೂ ನನಗೆ ಹೊಳೆಯಲಿಲ್ಲ; ಮನೆಬಿಟ್ಟು ಕದಲದ ಜನ ಎಂದುಕೊಂಡೆ. ಮಗಳು ನೊರೆ ಊದಿದಳು, ನಾನು ಬ್ರಷ್ ಹಾಕಿ ತಿಕ್ಕಿದೆ. ಇಪ್ಪತ್ತೆರಡೂ ತಾರಸಿಯ ಬಿಸಿಲಲ್ಲಿ ಸಾಲಾಗಿ ಕೂತವು.

ಆರಕ್ಕೆ ನಮ್ಮ ಬಾಗಿಲು ದಬದಬ ಬಡಿದ ಸದ್ದಾಯಿತು. ಮೂರು ತಿಂಗಳಲ್ಲಿ ನನ್ನ ಬಾಗಿಲಿಗೆ ಬಂದ ಮೊದಲ ಅತಿಥಿ, ಕಳ್ಳತನದ ದೂರು ಹೊತ್ತು ಬಂದಿದ್ದರು.

"ಏನ್ರೀ, ನನ್ನ ಚಪ್ಪಲಿಗಳೆಲ್ಲ ಎಲ್ಲಿ? ಯಾರು ಹೊತ್ಕೊಂಡು ಹೋದ್ರು, ನೋಡಿದ್ರಾ?"

"ನಾನೇ ಅಕ್ಕಾ... ತೊಳೆದು ಒಣಗೋಕೆ ಹಾಕಿದೀನಿ. ನಿಮ್ಮನೆಯವರಿಗೆ ಹೇಳೋಣ ಅಂತ ಬಾಗಿಲು ತಟ್ದೆ."

"ಯಾವ ಮನೆಯವರು?"

"ಆ... ಹನ್ನೊಂದು ಜನ?"

ಅವರು ಬಾಗಿಲ ಚೌಕಟ್ಟಿಗೆ ಒರಗಿದರು. ಸಿಟ್ಟೋ ನಗುವೋ ಗೊತ್ತಾಗಲಿಲ್ಲ.

"ಯಾರೂ ಇಲ್ಲ ಕಣಮ್ಮ. ನಾನು ಚಪ್ಪಲಿ ರಿಪೇರಿ ಅಂಗಡೀಲಿ ಕೂರೋದು. ರಿಪೇರಿಗೆ ಕೊಟ್ಟು ಹೋದವರು ಎಷ್ಟೋ ಜನ ವಾಪಸ್ ಬರೋದೇ ಇಲ್ಲ. ವರ್ಷ ಕಾದು ಸಾಹುಕಾರರು ಬಿಸಾಕಿ ಅಂತಾರೆ, ನಾನು ಮನೆಗೆ ತರ್ತೀನಿ. ಒಂಟಿ ಹೆಂಗಸು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಬಾರ್ದು ನೋಡು. ದಿನಾ ಬೆಳಿಗ್ಗೆ ಎದ್ದು ಜಾಗ ಬದಲಾಯಿಸ್ತೀನಿ. ಈಗ ಬಂದು ನೋಡಿದ್ರೆ ಬರೀ ನೆಲ. ಎದೆ ಧಸಕ್ ಅಂತು."

ಮೂರು ತಿಂಗಳು ನಾನು ಉರಿದುಕೊಂಡದ್ದು ಯಾರ ಮೇಲೆ? ಖಾಲಿ ಬೂಟುಗಳ ಮೇಲೆ! ಭೂಮಿ ಬಾಯಿಬಿಡಬಾರದೇ ಎಂದು ನಿಂತಿರುವಾಗ ಅವರು ಕೇಳಿದರು, "ಅಂದ್ಹಾಗೆ, ಆ ಬೂಟಿನವನ ಮಂಡಿ ನೋವು ವಾಸಿ ಆಯ್ತಾ?"

"ಅಯ್ಯೋ! ಕೇಳಿಸ್ತಿತ್ತಾ ಅಕ್ಕಾ?"

"ಇದೇನು ಗೋಡೆನಾ? ರಟ್ಟು! ನೀನು ಗಂಡನ ಜೊತೆ ಜಗಳ ಆಡೋದು, ಇವಳು ಇರುವೆ ಕಥೆ ಹೇಳೋದು, ಎಲ್ಲಾ ಕೇಳ್ಸುತ್ತೆ. ಕುರ್ಚಿ ಗೋಡೆಗೆ ಒತ್ತಿಕೊಂಡೇ ನಾನು ಊಟಕ್ಕೆ ಕೂರೋದು. ಎಂಥ ತುಂಬಿದ ಮನೆ ಇವರದ್ದು ಅಂತ ಹೊಟ್ಟೆಕಿಚ್ಚು ಪಟ್ಟಿದೀನಿ, ಸುಳ್ಳು ಯಾಕೆ ಹೇಳ್ಲಿ."

ನನ್ನ ಮನೆ! ತುಂಬಿದ ಮನೆ! ಒಳಗೆ ಕರೆದೆ. ಎರಡು ಕಪ್ಪುಗಳು ಕೊನೆಗೂ ಅಂಗಾತವಾದವು. ಚಹಾ ಮುಗಿಸಿ ಮೂವರೂ ತಾರಸಿಯಿಂದ ಬೂಟು-ಚಪ್ಪಲಿ ಇಳಿಸಿ, ನಿಜವಾಗಿ ಯಾರೋ ಬಂದಿರುವಂತೆ ಅಡ್ಡಾದಿಡ್ಡಿ ಹರಡಿದೆವು. ಕೆಂಪು ಶೂ ಎಲ್ಲಿರಬೇಕೆಂದು ಮಗಳು ತೀರ್ಮಾನಿಸಿದಳು.

"ಭಾನುವಾರ ನಮ್ಮ ಜೊತೆ ಚರ್ಚಿಗೆ ಬನ್ನಿ ಅಕ್ಕಾ" ಅಂದೆ.

ಅವರು ಒಳಗೆ ಹೋಗಿ, ಇಸ್ತ್ರಿಯ ಮಡಿಕೆ ಇನ್ನೂ ಬಿಚ್ಚದ ನೀಲಿ ಗೌನೊಂದನ್ನು ತೋಳ ಮೇಲೆ ಹಾಕಿಕೊಂಡು ಬಂದರು.

"ಇದನ್ನ ಹೊಲಿಸಿ ಎರಡು ವರ್ಷ ಆಯ್ತು. ಒಂದ್ಸಲಾನೂ ಹಾಕಿಲ್ಲ. ಆ ದರ್ಜಿ ಗುಂಡಿಗಳನ್ನೆಲ್ಲ ಬೆನ್ನಿಗಿಟ್ಟುಬಿಟ್ಟಿದಾನೆ. ಕೆಳಗಿನ ಮೂರು ನಾನೇ ಹೇಗೋ ಹಾಕ್ಕೋತೀನಿ." ಅವರು ಬಟ್ಟೆಯನ್ನು ಒಮ್ಮೆ ಸವರಿದರು. "ಮೇಲಿನ ಎರಡು ನನ್ನ ಕೈಗೆ ಎಟುಕಲ್ಲ. ಭಾನುವಾರ ಬೆಳಿಗ್ಗೆ ಬಂದು ಬಾಗಿಲು ತಟ್ತೀನಿ. ಹಾಕಿಕೊಡ್ತೀಯೇನಮ್ಮ?"