ಮುತ್ತಜ್ಜನಿಗೆ ಎಡೆ ಇಡುವ ಮೊದಲು

ಹಿರಿಯರನ್ನು ಹುಡುಕಿಕೊಂಡು ಹೊರಟವರಿಗೆ ಹಿರಿಯರು ಸಿಗುತ್ತಾರೋ ಇಲ್ಲವೋ, ನಗೆಪಾಟಲಂತೂ ಊರೂರಲ್ಲೂ ಕಾದು ಕೂತಿರುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಕೋಣಂದೂರಿನ ನಮ್ಮಜ್ಜಿ ನನ್ನನ್ನು ಈ ಕೆಲಸಕ್ಕೆ ಹಚ್ಚಿದರು. ಅಜ್ಜಿ ಸಣ್ಣ ಹುಡುಗಿಯಾಗಿದ್ದಾಗ ಅವರಪ್ಪ, ಅಂದರೆ ನನ್ನ ಮುತ್ತಜ್ಜ, "ಈಗ ಬಂದೆ" ಅಂತ ಹೊರಟವರು ಬರಲೇ ಇಲ್ಲ. ಸತ್ತ ಸುದ್ದಿಯೂ ಇಲ್ಲ. ಹಾಗಾಗಿ ಹಿರಿಯರ ಹಬ್ಬದಲ್ಲಿ ಅಜ್ಜಿ ಎಲ್ಲರಿಗೂ ಎಡೆ ಇಟ್ಟು ಅಪ್ಪನನ್ನು ಮಾತ್ರ ಬಿಡುತ್ತಿದ್ದರು.

"ಬದುಕಿದ್ದೋರಿಗೆ ಎಡೆ ಇಡ್ತಾರೇನೋ? ನಾನು ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಅಪ್ಪಂಗೆ ಬಡಿಸ್ಬೇಕು ಕಣೋ" ಅನ್ನುತ್ತಾ, ಸಂಜೆಯಾದರೆ ರಸ್ತೆಯ ತಿರುವು ನೋಡುತ್ತಾ ಕೂರುವರು. ಕನಸಲ್ಲಿರುವವರ ಹಾಗೆ ಆ ಮುಖ.

ಹೆಳವನ ಕುದುರೆ

ಮನೆತನದ ವಂಶಾವಳಿ ಹಾಡುವ ಹೆಳವ ಎತ್ತಿನ ಮೇಲೆ ಬಂದ. ಮೊರದಲ್ಲಿ ಅಕ್ಕಿ ಕೊಟ್ಟೆವು, ಮುತ್ತಜ್ಜ ಒಳ್ಳೇ ಬೇಸಾಯಗಾರನಾದ. ತೆಂಗಿನಕಾಯಿ ಕೊಟ್ಟೆವು, ಪಟೇಲನಾದ. ಪಂಚೆ ಕೊಟ್ಟದ್ದೇ ತಡ, ಕುದುರೆ ಹತ್ತಿ ಹೊಸನಗರದ ಕಡೆ ಹೋಗಿ ಗದ್ದೆ ಮಾಡಿದ! ನಾನು ಇನ್ನೊಂದು ಮೊರ ಅಕ್ಕಿ ತರಲು ಎದ್ದೆ. ಅಜ್ಜಿ ಕೈ ಹಿಡಿದು ಕೂರಿಸಿದರು.

"ಸಾಕು ಮಾರಾಯ. ಇನ್ನೊಂದು ಮೊರ ಕೊಟ್ರೆ ರಾಜ ಆಗ್ತಾನೆ. ಆಮೇಲೆ ನಮ್ಮನೆಗ್ಯಾಕೆ ಬರ್ತಾನೆ?"

ಹೊಸನಗರದ ಕಾಫಿ

ಹೆಳವ ಹೇಳಿದ ಊರಿಗೆ ಹೋದೆ. ಬಸ್ಸಿಳಿದಾಗ ಎಂಥಾ ಮಂಜು ಅಂದರೆ, ಎದುರು ಬಂದವರೆಲ್ಲ ಮುತ್ತಜ್ಜನೇ ಅನ್ನಿಸುತ್ತಿತ್ತು. ಒಂದು ಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಗೇಣಿದಾರರೆಲ್ಲ ಭೂಮಿ ತಮಗೆ ಬರಲೆಂದು ಅರ್ಜಿ ಹಾಕುತ್ತಿದ್ದ ಕಾಲವದು. ಅದು ಮರೆತು, "ಕೋಣಂದೂರಿಂದ ಬಂದ ನಮ್ಮ ಮುತ್ತಜ್ಜ ಇಲ್ಲಿ ಗದ್ದೆ ಮಾಡ್ತಿದ್ರಂತೆ" ಅಂದುಬಿಟ್ಟೆ. ಯಜಮಾನರ ಮುಖ ಕಪ್ಪಿಟ್ಟಿತು.

"ಅಂಥೋರು ಯಾರೂ ಇಲ್ಲಿರ್ಲಿಲ್ಲ!"

ಒಳಗಿಂದ ಅವರ ತಾಯಿ ಕೂಗಿದರು: "ಯಾಕೋ ಇರ್ಲಿಲ್ಲ? ಸಾಗರದ ಕಡೆ ಹೆಣ್ಣು ಮದ್ವೆಯಾಗಿ ವರದಹಳ್ಳಿ ಹತ್ರ ಮನೆ ಮಾಡ್ಲಿಲ್ವಾ?"

ಯಜಮಾನರು ಗಂಟಲು ಸರಿ ಮಾಡಿಕೊಂಡರು. "ಇದ್ರು ಅಂತ್ಲೇ ಇಟ್ಕೊಳ್ಳಿ. ಆದ್ರೆ ಗದ್ದೆಗೆ ಕಾಲೇ ಇಡ್ತಿರ್ಲಿಲ್ಲ. ಬರೀ ಜಗಲಿ ಮೇಲೆ ಮಲಗಿರ್ತಿದ್ರು!"

ಕಾಗೆ

ಎರಡನೇ ಮದುವೆ ಸುದ್ದಿ ಕೇಳಿ ಅಜ್ಜಿ ಎರಡು ದಿನ ಸಂಜೆ ರಸ್ತೆಯ ತಿರುವಿಗೆ ಬೆನ್ನು ಹಾಕಿ ಕೂತರು. ಮೂರನೇ ದಿನ, "ನಡಿ, ನೋಡ್ಕಂಡ್ ಬರೋಣ" ಅಂದರು.

ವರದಹಳ್ಳಿ ಹತ್ತಿರದ ಆ ಮನೆಯಲ್ಲಿ ಇನ್ನೊಬ್ಬ ಮುದುಕಿ, ಮುತ್ತಜ್ಜನ ಎರಡನೇ ಹೆಂಡತಿಯ ಮಗಳು. ಅಜ್ಜಿಯದೇ ಮೂಗು. ವಿಷಯ ಕೇಳಿ ಆಕೆ ಹಣೆ ಚಚ್ಚಿಕೊಂಡಳು. "ಅಯ್ಯೋ ಅಕ್ಕಾ, ಕೋಣಂದೂರಿಗೆ ಹೋಗಿ ಬತ್ತೀನಿ ಅಂತ ಹೋದೋನು ಇಲ್ಲಿಗೂ ಬರ್ಲಿಲ್ಲ! ನಾನೂ ಎಡೆ ಇಟ್ಟಿಲ್ಲ."

ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತರು. ಆಮೇಲೆ ತಂಗಿಯೇ ಅಂದಳು: "ನಮ್ಗೇ ಹಲ್ಲಿಲ್ಲ. ಅಪ್ಪ ಇನ್ನೂ ಓಡಾಡ್ಕಂಡ್ ಇರ್ತಾನಾ? ಇಟ್ಬಿಡೋಣ."

ಆ ವರ್ಷ ಹಿರಿಯರ ಹಬ್ಬಕ್ಕೆ ಇಬ್ಬರೂ ಸೇರಿ ಅಡುಗೆ ಮಾಡಿ ಅಂಗಳದಲ್ಲಿ ಎಡೆ ಇಟ್ಟರು. ಕಾಗೆ ಮುಟ್ಟಬೇಕಲ್ಲ, ಕಾದರು. ಮಧ್ಯಾಹ್ನದ ಬಿಸಿಲು, ಗಾಳಿಯಿಲ್ಲ, ಊರೆಲ್ಲ ತೂಕಡಿಸುವ ಹಾಗಿತ್ತು. ಕಾಗೆಯ ಸುಳಿವಿಲ್ಲ. ಅಜ್ಜಿಯ ಕಣ್ಣು ತುಂಬಿತು. "ಅಪ್ಪಂಗೆ ನನ್ ಮೇಲೆ ಸಿಟ್ಟಿರ್ಬೇಕು ಕಣೇ."

ತಂಗಿ ಅಕ್ಕನ ಬೆನ್ನು ಸವರಿದಳು. "ಸಿಟ್ಟೂ ಇಲ್ಲ, ಎಂಥದೂ ಇಲ್ಲ. ಮೂರನೇ ಮನೇಲಿ ಉಣ್ತಾ ಇರ್ತಾನೆ. ಕೂತ್ಕಾ, ಬತ್ತಾನೆ."